ಯೊಶಿನೊರಿ ಓಸುಮಿ ಮತ್ತು ಆಟೋಫಜಿ: ಕಾಸರಗೋಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕ, ಕುಂಬಳೆ, ಮುಳ್ಳೇರಿಯ ಸುತ್ತಿನ ಕನ್ನಡ ಶಾಲೆಗಳಿಗೂ ಗ್ರಂಥಾಲಯಗಳಿಗೂ ಜೀವಕೋಶದ ವಿಷಯ ಮಾತನಾಡಲು ಹೋದಲ್ಲೆಲ್ಲ ಜನ ಮೊದಲು ಎತ್ತುವುದು ಉಪವಾಸದ ಮಾತು. ಜಪಾನಿನ ವಿಜ್ಞಾನಿಯೊಬ್ಬರಿಗೆ ಉಪವಾಸದ ಸಂಶೋಧನೆಗೆ ನೊಬೆಲ್ ಬಂದಿದೆಯಂತೆ, ಹೌದೇ ಎಂದು ಕೇಳುತ್ತಾರೆ. ಆ ವಿಜ್ಞಾನಿ ಯೊಶಿನೊರಿ ಓಸುಮಿ. ನೊಬೆಲ್ ಬಂದದ್ದು ನಿಜ, ಉಪವಾಸಕ್ಕಲ್ಲ. ಅವರು ಮಾಡಿದ ಕೆಲಸ ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳಿಗಿಂತ ಎಷ್ಟೋ ಸೊಗಸಾದದ್ದು. ಮಕ್ಕಳು, ಹೆತ್ತವರು, ಸಹ ಅಧ್ಯಾಪಕರು ಕೇಳಿದ ಪ್ರಶ್ನೆಗಳನ್ನು ಉತ್ತರಗಳೊಂದಿಗೆ ಇಲ್ಲಿ ಸೇರಿಸಿದ್ದೇನೆ.

ಓಸುಮಿ ಯಾರು?

ಜಪಾನಿನ ಜೀವಕೋಶ ವಿಜ್ಞಾನಿ. ಹುಟ್ಟಿದ್ದು 1945ರ ಫೆಬ್ರವರಿ 9ರಂದು, ಫುಕುವೋಕದಲ್ಲಿ. ತಂದೆ ಕ್ಯೂಶು ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದರು. ಆಟೋಫಜಿಯ ಕಾರ್ಯವಿಧಾನವನ್ನು ಕಂಡುಹಿಡಿದದ್ದಕ್ಕಾಗಿ 2016ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ಅವರೊಬ್ಬರಿಗೇ ಬಂತು. ಅದಕ್ಕೂ ಮೊದಲು 2012ರಲ್ಲಿ ಕ್ಯೋಟೊ ಪ್ರಶಸ್ತಿ, 2015ರಲ್ಲಿ ಕೆನಡಾದ ಗೈರ್ಡ್ನರ್ ಪ್ರಶಸ್ತಿ ಬಂದಿದ್ದವು.

ಆಟೋಫಜಿ ಎಂದರೇನು?

ಜೀವಕೋಶ ತನ್ನದೇ ಭಾಗಗಳನ್ನು ಒಡೆದು ಮತ್ತೆ ಬಳಸಿಕೊಳ್ಳುವ ಕ್ರಿಯೆ. ಹಳತಾದ ಪ್ರೋಟೀನು, ಕೆಟ್ಟ ಮೈಟೋಕಾಂಡ್ರಿಯ, ಒಳನುಗ್ಗಿದ ಬ್ಯಾಕ್ಟೀರಿಯ ಎಲ್ಲವೂ ಇದಕ್ಕೆ ಗುರಿಯಾಗಬಹುದು. ಮೊದಲಿಗೆ ಕೋಶರಸದಲ್ಲಿ ಎರಡು ಪದರದ ಪೊರೆಯೊಂದು ಬಟ್ಟಲಿನ ಆಕಾರದಲ್ಲಿ ಹುಟ್ಟಿಕೊಳ್ಳುತ್ತದೆ. ಅಡಿಕೆ ಹಾಳೆಯ ತುದಿಗಳನ್ನು ಮಡಚಿ ದೊನ್ನೆ ಮಾಡುತ್ತಾ ಬಂದು ಕೊನೆಗೆ ಬಾಯಿಯನ್ನೂ ಮುಚ್ಚಿಬಿಟ್ಟ ಹಾಗೆ, ಆ ಪೊರೆ ಸಿಕ್ಕಿದ ವಸ್ತುಗಳನ್ನು ಒಳಗೆ ಹಾಕಿಕೊಂಡು ಚೀಲವಾಗುತ್ತದೆ. ಈ ಚೀಲದ ಹೆಸರು ಆಟೋಫಾಗೋಸೋಮ್. ಪ್ರಾಣಿಗಳ ಜೀವಕೋಶದಲ್ಲಾದರೆ ಅದು ಲೈಸೋಸೋಮ್ ಎಂಬ ಜೀರ್ಣಿಸುವ ಚೀಲದೊಂದಿಗೆ ಬೆರೆಯುತ್ತದೆ, ಹಿಟ್ಟು ಹುದುಗಿಸುವ ಒಂದೇ ಕೋಶದ ಜೀವಿಯಾದ ಯೀಸ್ಟಿನಲ್ಲಾದರೆ ಅದೇ ಕೆಲಸ ಮಾಡುವ ರಸದಾನಿಯೊಂದಿಗೆ (ವ್ಯಾಕ್ಯೂಲ್). ಅಲ್ಲಿರುವ ಕಿಣ್ವಗಳು ಒಳಗಿನದ್ದನ್ನು ಪುಡಿಮಾಡುತ್ತವೆ. ಹೊರಬರುವ ಅಮೈನೋ ಆಮ್ಲಗಳಿಂದ ಜೀವಕೋಶ ಹೊಸ ಪ್ರೋಟೀನು ಕಟ್ಟಿಕೊಳ್ಳುತ್ತದೆ.

ಇದು ಹಸಿದಾಗ ಮಾತ್ರ ನಡೆಯುವ ಕೆಲಸವಲ್ಲ. ಹೊಟ್ಟೆ ತುಂಬಿದ್ದಾಗಲೂ ಸಣ್ಣ ಪ್ರಮಾಣದಲ್ಲಿ ನಡೆಯುತ್ತಲೇ ಇರುತ್ತದೆ.

ಹಾಗಾದರೆ ಆಟೋಫಜಿಯನ್ನು ಮೊದಲು ಕಂಡವರು ಓಸುಮಿಯೇ?

ಅಲ್ಲ. ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡೂವ್ 1955ರಲ್ಲಿ ಲೈಸೋಸೋಮನ್ನು ಜಗತ್ತಿಗೆ ಪರಿಚಯಿಸಿದರು, 1974ರ ನೊಬೆಲ್‌ನಲ್ಲಿ ಪಾಲು ಪಡೆದರು. ಆಟೋಫಜಿ ಎಂಬ ಹೆಸರನ್ನು 1963ರಲ್ಲಿ ಕೊಟ್ಟವರೂ ಅವರೇ. ಅದಕ್ಕೆ ಒಂದು ವರ್ಷ ಮೊದಲು, 1962ರಲ್ಲಿ, ಆಶ್‌ಫರ್ಡ್ ಮತ್ತು ಪೋರ್ಟರ್ ಎಂಬವರು ಇಲಿಯ ಯಕೃತ್ತಿನ ಜೀವಕೋಶಗಳಲ್ಲಿ ಅರ್ಧ ಜೀರ್ಣವಾದ ಮೈಟೋಕಾಂಡ್ರಿಯ ತುಂಬಿದ ಚೀಲಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು.

ಅಲ್ಲಿಂದ ಮುಂದೆ ಸುಮಾರು ಮೂವತ್ತು ವರ್ಷ ಈ ವಿಷಯ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು. ಚೀಲ ಕಾಣುತ್ತಿತ್ತು, ಆದರೆ ಅದನ್ನು ಕಟ್ಟುವ ಪ್ರೋಟೀನುಗಳು ಯಾವುವು, ಯಾವ ಜೀನ್ ಕೆಡಿಸಿದರೆ ಈ ಕ್ರಿಯೆ ನಿಲ್ಲುತ್ತದೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಜೀನ್ ತಿಳಿಯದೆ ಒಂದು ಕ್ರಿಯೆಯನ್ನು ನಿಲ್ಲಿಸಿ ನೋಡಲಾಗುವುದಿಲ್ಲ. ನಿಲ್ಲಿಸಿ ನೋಡದೆ ಅದು ದೇಹಕ್ಕೆ ಏತಕ್ಕೆ ಬೇಕೆಂದು ಹೇಳಲಾಗುವುದಿಲ್ಲ. ಈ ಗಂಟನ್ನು ಬಿಡಿಸಿದವರು ಓಸುಮಿ.

ಅವರು ಚಿಕ್ಕಂದಿನಿಂದಲೇ ಈ ವಿಷಯದ ಹಿಂದೆ ಬಿದ್ದಿದ್ದರೇ?

ಇಲ್ಲವೇ ಇಲ್ಲ. ಪ್ಲಸ್ ಟು ಮುಗಿಸುವ ಮೊದಲೇ ಜೀವನದ ಗುರಿ ಬರೆದುಕೊಡಿ ಎಂದು ಮಕ್ಕಳನ್ನು ಪೀಡಿಸುವ ಹೆತ್ತವರಿಗೆ ನಾನು ಓಸುಮಿಯವರ ಕಥೆ ಹೇಳುವುದು ಈ ಕಾರಣಕ್ಕೇ.

ಟೋಕಿಯೊ ವಿಶ್ವವಿದ್ಯಾಲಯ ಸೇರಿದಾಗ ರಸಾಯನವಿಜ್ಞಾನದತ್ತ ಮನಸ್ಸಿತ್ತು, ಆಮೇಲೆ ಅಣುಜೀವವಿಜ್ಞಾನಕ್ಕೆ ತಿರುಗಿದರು. ಡಾಕ್ಟರೇಟಿಗೆ ಮಾಡಿದ ಕೆಲಸ ಬ್ಯಾಕ್ಟೀರಿಯದ ಮೇಲೆ. 1974ರಲ್ಲಿ ಡಾಕ್ಟರೇಟ್ ಪಡೆದು ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯಕ್ಕೆ, ನೊಬೆಲ್ ವಿಜೇತ ಜೆರಾಲ್ಡ್ ಎಡಲ್‌ಮನ್ ಅವರ ಪ್ರಯೋಗಾಲಯಕ್ಕೆ ಹೋದರು. ಅಲ್ಲಿ ಕೊಟ್ಟ ವಿಷಯ ಇಲಿಯ ಅಂಡದ ಫಲೀಕರಣ. ಅವರಿಗೆ ಅದರ ಹಿನ್ನೆಲೆಯೇ ಇರಲಿಲ್ಲ, ಕೆಲಸ ಕೈಗೂಡಲಿಲ್ಲ. ಕೊನೆಗೆ ಅದೇ ಪ್ರಯೋಗಾಲಯದಲ್ಲಿ ಯೀಸ್ಟಿನ ಡಿಎನ್‌ಎ ಅಧ್ಯಯನಕ್ಕೆ ಬದಲಾದರು. ಯೀಸ್ಟಿನ ನಂಟು ಬೆಳೆದದ್ದು ಹೀಗೆ.

1977ರಲ್ಲಿ ಜಪಾನಿಗೆ ಮರಳಿ ಟೋಕಿಯೊ ವಿಶ್ವವಿದ್ಯಾಲಯದ ಯಸುಹಿರೊ ಅನ್ರಾಕು ಅವರ ಕೈಕೆಳಗೆ ಸಹಾಯಕರಾಗಿ ಸೇರಿದರು. ಅಲ್ಲಿ ಕೈಗೆತ್ತಿಕೊಂಡದ್ದು ಯೀಸ್ಟಿನ ರಸದಾನಿಯನ್ನು. ಆಗಿನ ಸಂಶೋಧಕರಲ್ಲಿ ಹೆಚ್ಚಿನವರಿಗೆ ರಸದಾನಿಯೆಂದರೆ ಬರೇ ಕಸದ ಗುಂಡಿ. ಇಂದಿಗೂ ನಮ್ಮ ಪ್ಲಸ್ ವನ್ ಮಕ್ಕಳು ರಸದಾನಿಯಲ್ಲಿ ನೀರು, ರಸ, ಜೀವಕೋಶಕ್ಕೆ ಬೇಡವಾದ ವಸ್ತುಗಳು ಇರುತ್ತವೆ ಎಂದಷ್ಟೇ ಓದಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಯಾರೂ ನೋಡದ ಜಾಗವಾದ್ದರಿಂದ ಅಲ್ಲಿ ಪೈಪೋಟಿ ಇರಲಿಲ್ಲ, ಓಸುಮಿಗೆ ಬೇಕಾದದ್ದೂ ಅದೇ. ರಸದಾನಿಯ ಪೊರೆಯ ಮೂಲಕ ಅಮೈನೋ ಆಮ್ಲಗಳು ಹೇಗೆ ದಾಟುತ್ತವೆ, ಒಳಗೆ ಆಮ್ಲೀಯತೆ ಹೇಗೆ ಉಳಿಯುತ್ತದೆ ಎಂಬುದನ್ನು ಅವರು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಸ್ವಂತ ಪ್ರಯೋಗಾಲಯ ಸಿಕ್ಕಿದ್ದು 1988ರಲ್ಲಿ, 43ನೆಯ ವಯಸ್ಸಿನಲ್ಲಿ. ಜಪಾನಿನಲ್ಲಾಗಲಿ ನಮ್ಮಲ್ಲಾಗಲಿ ಅದು ತಡವೇ.

1988ರಲ್ಲಿ ಅವರು ಕಂಡದ್ದೇನು?

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಸಾರಜನಕವಿಲ್ಲದ ದ್ರಾವಣದಲ್ಲಿ ಯೀಸ್ಟ್ ಹಸಿವಿಗೆ ಬೀಳುತ್ತದೆ. ಆಗ ಅದು ಬೀಜಕಗಳನ್ನು ರೂಪಿಸಲು ತೊಡಗುತ್ತದೆ, ಅದಕ್ಕೆ ಹಳೆಯ ಪ್ರೋಟೀನುಗಳನ್ನು ಒಡೆಯಲೇಬೇಕು. ಒಡೆಯುವ ಕೆಲಸ ರಸದಾನಿಯಲ್ಲೇ ನಡೆಯುತ್ತಿರಬಹುದು ಎಂಬುದು ಓಸುಮಿಯವರ ಊಹೆ. ಆದರೆ ಕಾಣುವುದು ಹೇಗೆ? ಯೀಸ್ಟ್ ಜೀವಕೋಶದ ಅಗಲ ಸುಮಾರು 5 ಮೈಕ್ರೋಮೀಟರ್. ಅದರೊಳಗಿನ ರಸದಾನಿಗೆ ಏನಾದರೂ ಬಂದು ಬಿದ್ದರೂ ಕಿಣ್ವಗಳು ಆ ಕ್ಷಣವೇ ಕರಗಿಸಿಬಿಡುತ್ತವೆ.

ಆಗ ಹೊಳೆದ ಉಪಾಯ ಸರಳ: ಕರಗಿಸುವ ಕಿಣ್ವಗಳೇ ಇಲ್ಲದ ಯೀಸ್ಟನ್ನು ತಂದು ಹಸಿವಿಗೆ ಹಾಕುವುದು. ಚೀಲಗಳು ಬರುತ್ತಲೇ ಇದ್ದು ಕರಗದೆ ಹೋದರೆ ರಸದಾನಿಯಲ್ಲಿ ತುಂಬಿಕೊಳ್ಳಲೇಬೇಕು. ರಸದಾನಿಯ ಪ್ರಮುಖ ಪ್ರೋಟೀನ್ ಒಡೆಯುವ ಕಿಣ್ವಗಳಿಲ್ಲದ ತಳಿ ಅವರಿಗೆ ಸಿಕ್ಕಿತು. ಆಹಾರ ತಪ್ಪಿಸಿ ಕೆಲವೇ ಗಂಟೆಗಳಲ್ಲಿ ರಸದಾನಿಯ ತುಂಬ ಸಣ್ಣ ಸಣ್ಣ ಗುಂಡುಗಳು. ಒಂದೊಂದೂ ಸುಮಾರು ಅರ್ಧ ಮೈಕ್ರೋಮೀಟರ್. ರಸದಾನಿಯೊಳಗಿನ ದ್ರವದಲ್ಲಿ ಅವು ಬಿಡುವಿಲ್ಲದೆ ಅತ್ತಿತ್ತ ಕುಣಿಯುತ್ತಿದ್ದವು. ನೋಡಲು ಕೋಟಿ ಬೆಲೆಯ ಉಪಕರಣವೂ ಬೇಕಾಗಲಿಲ್ಲ, ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ಸಾಕಾಯಿತು. ರಸದಾನಿಯೊಳಗೆ ದಟ್ಟ ವಸ್ತುಗಳು ಹೆಚ್ಚಿಲ್ಲದ ಕಾರಣ ಅಲ್ಲಿ ಏನು ಬಂದರೂ ಎದ್ದು ಕಾಣುತ್ತದೆ. ಇಷ್ಟು ವರ್ಷ ರಸದಾನಿಯನ್ನೇ ನೋಡಿ ಪಳಗಿದ ಕಣ್ಣಿಗೆ ಅದು ಗೊತ್ತಿತ್ತು.

ಬಳಿಕ ಮಿಸುಜು ಬಾಬಾ ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ಗುಂಡುಗಳ ಒಳಗೆ ಕೋಶರಸದ ತುಣುಕುಗಳು ಕಂಡವು. ಪ್ರಾಣಿಗಳಲ್ಲಿ ನಡೆಯುವ ಆಟೋಫಜಿಯೇ ಯೀಸ್ಟಿನಲ್ಲೂ ನಡೆಯುತ್ತದೆ ಎಂಬುದು ಖಚಿತವಾಯಿತು. ಪ್ರಬಂಧ ಪ್ರಕಟವಾದದ್ದು 1992ರಲ್ಲಿ.

15 ಜೀನ್‌ಗಳ ಕಥೆ ಏನು?

ನನ್ನ ಮಟ್ಟಿಗೆ ಓಸುಮಿಯವರ ನಿಜವಾದ ಸಾಧನೆ ಇದೇ. ಗುಂಡುಗಳನ್ನು ಕಂಡ ಮೇಲೆ ಚೆಂದದ ಚಿತ್ರ ತೆಗೆದು ಸುಮ್ಮನಾಗಬಹುದಿತ್ತು. ಅವರು ಅದನ್ನೇ ಪರೀಕ್ಷೆಯ ಸಾಧನವಾಗಿ ಮಾಡಿಕೊಂಡರು.

ಯೀಸ್ಟಿಗೆ ಜೀನ್ ಕೆಡಿಸುವ ರಾಸಾಯನಿಕ ಸೋಕಿಸಿದರೆ ಒಂದೊಂದು ಜೀವಕೋಶದಲ್ಲಿ ಒಂದೊಂದು ಜೀನ್ ಹಾಳಾಗುತ್ತದೆ. ಆಮೇಲೆ ಹಸಿವಿಗೆ ಹಾಕಬೇಕು. ಯಾವುದರ ರಸದಾನಿಯಲ್ಲಿ ಗುಂಡುಗಳು ತುಂಬಿಕೊಳ್ಳುವುದಿಲ್ಲವೋ ಅದರಲ್ಲಿ ಆಟೋಫಜಿಗೆ ಬೇಕಾದ ಜೀನ್ ಕೆಟ್ಟಿದೆ ಎಂದರ್ಥ. ಮಿಕಿ ತ್ಸುಕಾಡ ಎಂಬ ವಿದ್ಯಾರ್ಥಿನಿ ಹೀಗೆ ಸೂಕ್ಷ್ಮದರ್ಶಕದಲ್ಲಿ ಒಂದೊಂದನ್ನೇ ನೋಡುತ್ತಾ ಹೋಗಿ ಮೊದಲ ತಳಿಯನ್ನು ಹಿಡಿದರು. ಅದರಿಂದ ಇನ್ನೊಂದು ಸಂಗತಿಯೂ ತಿಳಿಯಿತು: ಆಟೋಫಜಿ ಕೆಟ್ಟ ಯೀಸ್ಟ್ ಹಸಿವನ್ನು ತಾಳಲಾರದೆ ಬೇಗ ಸಾಯುತ್ತದೆ. ಸತ್ತ ಜೀವಕೋಶಗಳಿಗೆ ಮಾತ್ರ ಹತ್ತುವ ಫ್ಲಾಕ್ಸಿನ್ ಬಣ್ಣ ಹಾಕಿದರೆ ಅಂಥ ಗುಂಪುಗಳು ಕೆಂಪಾಗಿ ಕಾಣುತ್ತವೆ. ಮೊದಲು ಕೆಂಪಾದವನ್ನು ಆರಿಸಿ, ಅವನ್ನಷ್ಟೇ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲಸ ಎಷ್ಟೋ ಹಗುರ. 1993ರಲ್ಲಿ ತ್ಸುಕಾಡ, ಓಸುಮಿ ಇಬ್ಬರೂ ಸೇರಿ ಪ್ರಕಟಿಸಿದ ಪ್ರಬಂಧದಲ್ಲಿ 15 ಜೀನ್‌ಗಳ ಲೆಕ್ಕ ಸಿಕ್ಕಿತು. ಪ್ರಕಟವಾದಾಗ ಅದಕ್ಕೆ ದೊಡ್ಡ ಗದ್ದಲವೇನೂ ಏಳಲಿಲ್ಲ. ಈಗ ಯೀಸ್ಟ್‌ಗಳಲ್ಲಿ ಆಟೋಫಜಿಗೆ ಸಂಬಂಧಿಸಿದ 40ಕ್ಕೂ ಹೆಚ್ಚು ಜೀನ್‌ಗಳು ಗೊತ್ತಿವೆ, ಆದರೆ ಹಸಿವಿನ ಹೊತ್ತಿನ ಆಟೋಫಜಿಗೆ ಬೇಕಾದ ಮುಖ್ಯ ಜೀನ್‌ಗಳ ಬಹುಪಾಲು ಆ ಮೊದಲ ಬಲೆಯಲ್ಲೇ ಸಿಕ್ಕಿದ್ದವು.

ಇಲಿ, ಮನುಷ್ಯ ಎಲ್ಲ ಇರುವಾಗ ಯೀಸ್ಟೇ ಯಾಕೆ?

ಯೀಸ್ಟಿಗೂ ನಮಗೂ ಜೀವಕೋಶದ ಮಟ್ಟದಲ್ಲಿ ಹತ್ತಿರದ ನೆಂಟಸ್ತಿಕೆ. ಅದಕ್ಕೂ ಕೋಶಕೇಂದ್ರವಿದೆ, ಮೈಟೋಕಾಂಡ್ರಿಯವಿದೆ. ಜೀನ್‌ಗಳು ಸುಮಾರು 6,000 ಮಾತ್ರ. ಒಂದೆರಡು ಗಂಟೆಯಲ್ಲಿ ಇಮ್ಮಡಿಯಾಗುತ್ತದೆ, ಸಾಕುವ ಖರ್ಚು ಕಡಿಮೆ.

ನಮ್ಮ ಊರಿನವರಿಗಂತೂ ಯೀಸ್ಟ್ ಅಪರಿಚಿತವಲ್ಲ. ತೆಂಗಿನ ಹೊಂಬಾಳೆಯಿಂದ ಇಳಿಸಿದ ರಸ ಕೆಲವು ಗಂಟೆಗಳಲ್ಲೇ ನೊರೆಯೆದ್ದು ಕಳ್ಳಾಗುವುದು ಯೀಸ್ಟಿನಿಂದ. ಓಸುಮಿ ಬಳಸಿದ ಪ್ರಭೇದವೂ ಅದರಲ್ಲಿರುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು ಕಲ್ಪರಸ (ಹುಳಿಯದ ತೆಂಗಿನ ರಸ) ತೆಗೆಯುವಾಗ ಹೊಂಬಾಳೆಗೇ ಮಂಜುಗಡ್ಡೆಯ ಪೆಟ್ಟಿಗೆ ಕಟ್ಟುವುದು ಈ ಯೀಸ್ಟನ್ನು ತಡೆಯುವುದಕ್ಕಾಗಿಯೇ. ತಣ್ಣಗಿದ್ದರೆ ಯೀಸ್ಟ್ ಬೆಳೆಯದು, ರಸ ಹುಳಿಯದು.

ಆ 15 ಜೀನ್‌ಗಳು ಏನು ಮಾಡುತ್ತವೆಂದು ತಿಳಿಯಿತೇ?

1996ರಲ್ಲಿ ಓಸುಮಿ ಒಕಜಾಕಿಯ ರಾಷ್ಟ್ರೀಯ ಮೂಲಜೀವವಿಜ್ಞಾನ ಸಂಸ್ಥೆಗೆ ಹೋದರು. ತಮೊತ್ಸು ಯೊಶಿಮೊರಿ, ನೊಬೊರು ಮಿಜುಶಿಮ ಮುಂತಾದವರು ಅಲ್ಲಿ ಜೊತೆಯಾದರು. 1998ರಲ್ಲಿ ಒಂದು ಅಚ್ಚರಿ ಹೊರಬಿತ್ತು: ಈ ಜೀನ್‌ಗಳಿಂದ ತಯಾರಾಗುವ, ಜೀನಿನ ಸಂಖ್ಯೆಯಿಂದಲೇ ಗುರುತಿಸುವ ಪ್ರೋಟೀನುಗಳಲ್ಲಿ 12ನೆಯದು 5ನೆಯದಕ್ಕೆ ರಾಸಾಯನಿಕವಾಗಿ ಅಂಟಿಕೊಳ್ಳುತ್ತದೆ. 2000ದಲ್ಲಿ ಎರಡನೆಯದು: 8ನೆಯ ಪ್ರೋಟೀನು ಇನ್ನೊಂದು ಪ್ರೋಟೀನಿಗಲ್ಲ, ಪೊರೆಯ ಕೊಬ್ಬಿನ ಅಣುವಿಗೇ ಹೋಗಿ ಅಂಟುತ್ತದೆ. ಪ್ರೋಟೀನೊಂದು ಹೀಗೆ ಕೊಬ್ಬಿಗೆ ಅಂಟುವುದನ್ನು ಯಾರೂ ನಿರೀಕ್ಷಿಸಿರಲಿಲ್ಲ. 15ರಲ್ಲಿ ಅರ್ಧದಷ್ಟು ಜೀನ್‌ಗಳು ಈ ಎರಡು ಅಂಟಿಸುವ ಕೆಲಸಗಳಲ್ಲೇ ತೊಡಗಿವೆ. ಚೀಲದ ಪೊರೆ ಬೆಳೆಯಬೇಕಾದರೆ ಎರಡೂ ನಡೆಯಬೇಕು.

ಅವರ ಕೆಲಸದಿಂದ ಬೇರೆಯವರಿಗೆ ಏನು ಸಿಕ್ಕಿತು?

ದಾರಿ ಸಿಕ್ಕಿತು. ಯೀಸ್ಟಿನ 8ನೆಯ ಪ್ರೋಟೀನಿನ ಸಂಬಂಧಿಯಾದ ಎಲ್‌ಸಿ3 ಸಸ್ತನಿಗಳಲ್ಲಿ ಆಟೋಫಾಗೋಸೋಮಿನ ಪೊರೆಯ ಮೇಲೆ ಕೂರುತ್ತದೆ ಎಂದು ಯೊಶಿಮೊರಿಯವರ ತಂಡ 2000ದಲ್ಲಿ ತೋರಿಸಿತು. ಅದಕ್ಕೆ ಹೊಳೆಯುವ ಹಸಿರು ಪ್ರೋಟೀನನ್ನು ಜೋಡಿಸಿದರೆ, ಜೀವಂತ ಜೀವಕೋಶದಲ್ಲಿ ಆಟೋಫಜಿ ಹಸಿರು ಚುಕ್ಕೆಗಳಾಗಿ ಕಾಣುತ್ತದೆ. ಇಂದು ಯಾವ ದೇಶದ ಆಟೋಫಜಿ ಪ್ರಯೋಗಾಲಯಕ್ಕೆ ಹೋದರೂ ಈ ಚುಕ್ಕೆಗಳನ್ನು ಎಣಿಸುವವರು ಸಿಗುತ್ತಾರೆ.

ಮಿಜುಶಿಮ ಅವರ ತಂಡ 5ನೆಯ ಜೀನ್ ಇಲ್ಲದ ಇಲಿಗಳನ್ನು ಬೆಳೆಸಿತು. ಮರಿಗಳು ಮೇಲ್ನೋಟಕ್ಕೆ ಸರಿಯಾಗಿಯೇ ಹುಟ್ಟಿದವು, ಆದರೆ ಒಂದು ದಿನದೊಳಗೆ ಸತ್ತವು. ಹೆರಿಗೆಯಾದ ಕೂಡಲೇ ಹೊಕ್ಕುಳಬಳ್ಳಿಯಿಂದ ಬರುತ್ತಿದ್ದ ಆಹಾರ ನಿಲ್ಲುತ್ತದೆ. ಹಾಲು ಸರಿಯಾಗಿ ಸಿಗುವವರೆಗಿನ ಆ ಅಂತರವನ್ನು ಮರಿ ದಾಟುವುದು ಆಟೋಫಜಿಯ ಬಲದಿಂದ. 2004ರಲ್ಲಿ ಪ್ರಕಟವಾದ ಈ ಫಲಿತಾಂಶ ಓದಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಯೀಸ್ಟಿನ ಹಸಿವಿನಲ್ಲಿ ಸಿಕ್ಕಿದ ಜೀನು ಹಸುಗೂಸಿನ ಮೊದಲ ಹಸಿವಿಗೂ ಬೇಕಾಯಿತು.

2006ರಲ್ಲಿ, ಮಿದುಳಿನ ನರಕೋಶಗಳಲ್ಲಿ ಮಾತ್ರ ಆಟೋಫಜಿ ನಿಲ್ಲಿಸಿದ ಇಲಿಗಳಲ್ಲಿ ಪ್ರೋಟೀನಿನ ಮುದ್ದೆಗಳು ಸೇರಿ ನರಕೋಶಗಳು ನಾಶವಾಗುವುದು ಕಂಡಿತು. ಅಲ್ಲಿಂದ ಪಾರ್ಕಿನ್ಸನ್, ಹಂಟಿಂಗ್ಟನ್ ಮುಂತಾದ ಕಾಯಿಲೆಗಳ ಸಂಶೋಧಕರು ಇತ್ತ ತಿರುಗಿದರು. ಜೀವಕೋಶದೊಳಗೆ ಅಡಗಿದ ಕ್ಷಯರೋಗದ ಬ್ಯಾಕ್ಟೀರಿಯವನ್ನು ಆಟೋಫಜಿ ಹೇಗೆ ಎದುರಿಸುತ್ತದೆ ಎಂಬ ಸಂಶೋಧನೆ ನಮ್ಮ ದೇಶಕ್ಕಂತೂ ಬಹಳ ಮುಖ್ಯ.

ಹದಿನಾರು ಗಂಟೆ ಉಪವಾಸ ಮಾಡಿದರೆ ಆಟೋಫಜಿ ಶುರುವಾಗಿ ಕ್ಯಾನ್ಸರ್ ಗುಣವಾಗುತ್ತದೆಂದು ಓಸುಮಿ ಹೇಳಿದ್ದಾರೆಯೇ?

ಇಲ್ಲ. ಓಸುಮಿಯವರ ನೊಬೆಲ್ ಕೆಲಸ ಯೀಸ್ಟಿನ ಜೀನ್‌ಗಳ ಮೇಲೆ. ಮನುಷ್ಯರನ್ನು ಉಪವಾಸ ಕೂರಿಸಿದ ಪ್ರಯೋಗ ಅದರಲ್ಲಿಲ್ಲ.

ಹಸಿವು ಆಟೋಫಜಿಯನ್ನು ಹೆಚ್ಚಿಸುತ್ತದೆ ಎಂಬುದು ಯೀಸ್ಟಿನಲ್ಲೂ ಇಲಿಯಲ್ಲೂ ಸಾಬೀತಾದ ಮಾತು. ಮನುಷ್ಯನಲ್ಲೂ ಹಾಗೆಯೇ ಆಗುತ್ತದೆ ಎನ್ನಲು ಕಾರಣಗಳಿವೆ. ಆದರೆ ಎಷ್ಟನೆಯ ಗಂಟೆಗೆ, ಯಾವ ಅಂಗದಲ್ಲಿ, ಎಷ್ಟು ಎಂದು ಹೇಳಲು ಯಕೃತ್ತಿನಿಂದಲೋ ಸ್ನಾಯುವಿನಿಂದಲೋ ಚೂರು ತೆಗೆದು ನೋಡಬೇಕಾಗುತ್ತದೆ. ರಕ್ತ ಪರೀಕ್ಷೆ ಮಾಡಿಸಿ ಆಟೋಫಜಿ ಇಷ್ಟಿದೆ ಎಂದು ಬರೆದುಕೊಡುವ ವ್ಯವಸ್ಥೆ ಆಸ್ಪತ್ರೆಗಳಲ್ಲಿ ಇಲ್ಲ. ಹಾಗಿರುವಾಗ ಹದಿನಾರು ಗಂಟೆ ಎಂಬ ಖಚಿತ ಗೆರೆ ಎಲ್ಲಿಂದ ಬಂತು? ಇಲಿಯ ಲೆಕ್ಕವನ್ನು ನಮಗೆ ಹಾಕುವಂತಿಲ್ಲ. ಇಲಿಯ ಚಯಾಪಚಯ ಬಹಳ ವೇಗವಾದದ್ದು, ಒಂದು ದಿನ ಆಹಾರ ತಪ್ಪಿದರೆ ಅದು ಕೃಶವಾಗಿಬಿಡುತ್ತದೆ.

ನಮ್ಮಲ್ಲಿ ಏಕಾದಶಿ ಹಿಡಿಯುವವರಿದ್ದಾರೆ, ರಂಜಾನ್ ಉಪವಾಸ ಆಚರಿಸುವವರಿದ್ದಾರೆ. ಅದು ನಂಬಿಕೆಯ ವಿಷಯ, ಅದಕ್ಕೆ ನೊಬೆಲ್‌ನ ಮುದ್ರೆ ಬೇಕಾಗಿಲ್ಲ. ನನಗೆ ಆತಂಕ ಇರುವುದು ಸಂದೇಶ ಓದಿ ಮಾತ್ರೆ ಬಿಡುವವರ ಬಗ್ಗೆ, ಮಾತ್ರೆ ನುಂಗಿ ಊಟ ಬಿಡುವವರ ಬಗ್ಗೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ದೀರ್ಘ ಉಪವಾಸ ಮಾಡಿದರೆ ಸಕ್ಕರೆ ಅಂಶ ತೀರಾ ಇಳಿದು ಬೆವರು, ನಡುಕ, ಪ್ರಜ್ಞೆ ತಪ್ಪುವ ಸ್ಥಿತಿ ಬರಬಹುದು. ದಯವಿಟ್ಟು ವೈದ್ಯರನ್ನು ಕೇಳದೆ ಅದಕ್ಕೆ ಕೈಹಾಕಬೇಡಿ. ಮನೆಯಲ್ಲಿ ಹಿರಿಯರಿದ್ದರೆ ಈ ಒಂದು ಉತ್ತರವನ್ನಾದರೂ ಓದಿ ಹೇಳಿ.

ಕ್ಯಾನ್ಸರಿಗೂ ಆಟೋಫಜಿಗೂ ಸಂಬಂಧವೇ ಇಲ್ಲವೇ?

ಇದೆ, ಆದರೆ ಎರಡು ಮುಖದ ಸಂಬಂಧ. ಕೆಟ್ಟ ಭಾಗಗಳನ್ನು ತೆಗೆದು ಜೀವಕೋಶವನ್ನು ಸುಸ್ಥಿತಿಯಲ್ಲಿಡುವುದರಿಂದ ಆಟೋಫಜಿ ಕ್ಯಾನ್ಸರ್ ಹುಟ್ಟದಂತೆ ತಡೆಯಬಲ್ಲದು. ಗೆಡ್ಡೆ ಬೆಳೆದ ಮೇಲೆ ಅದೇ ಆಟೋಫಜಿ, ರಕ್ತ ಸರಿಯಾಗಿ ತಲುಪದ ಜಾಗದಲ್ಲಿರುವ ಕ್ಯಾನ್ಸರ್ ಕೋಶಗಳನ್ನೂ ಬದುಕಿಸುತ್ತದೆ. ಹಾಗಾಗಿ ಅದನ್ನು ಹೆಚ್ಚಿಸುವ ಬದಲು ತಡೆಯುವ ಪ್ರಯತ್ನಗಳು ನಡೆದಿವೆ. ಮಲೇರಿಯಕ್ಕೆ ಕೊಡುತ್ತಿದ್ದ ಕ್ಲೋರೋಕ್ವಿನ್ ಕುಟುಂಬದ ಔಷಧಿಗಳು ಲೈಸೋಸೋಮಿನ ಆಮ್ಲೀಯತೆಯನ್ನು ಕುಗ್ಗಿಸಿ ಆಟೋಫಜಿಯನ್ನು ಕೊನೆಯ ಹಂತದಲ್ಲಿ ನಿಲ್ಲಿಸುತ್ತವೆ. ಕ್ಯಾನ್ಸರ್ ರೋಗಿಗಳಲ್ಲಿ ಅವನ್ನು ಪರೀಕ್ಷಿಸಿ ನೋಡುತ್ತಿದ್ದಾರೆ.

ನೊಬೆಲ್ ಒಬ್ಬರಿಗೇ ಕೊಟ್ಟದ್ದು ಸರಿಯೇ?

ಜರ್ಮನಿಯ ಮೈಕೆಲ್ ಥುಮ್, ಅಮೆರಿಕದ ಡೇನಿಯಲ್ ಕ್ಲಿಯೊನ್‌ಸ್ಕಿ ಇಬ್ಬರೂ 1990ರ ದಶಕದಲ್ಲಿ ಬೇರೆ ಬೇರೆ ದಾರಿಗಳಿಂದ ಹೊರಟು ಇದೇ ಜೀನ್‌ಗಳಲ್ಲಿ ಹಲವನ್ನು ಮುಟ್ಟಿದ್ದರು. ಒಂದೇ ಜೀನಿಗೆ ಮೂರು ಪ್ರಯೋಗಾಲಯಗಳಲ್ಲಿ ಮೂರು ಹೆಸರು ಇದ್ದು ಗೊಂದಲವಾಗಿ, 2003ರಲ್ಲಿ ಎಲ್ಲರೂ ಒಪ್ಪಿ ಎಟಿಜಿ ಎಂಬ ಒಂದೇ ಹೆಸರಿನ ಸಾಲಿಗೆ ತಂದರು. ಆದರೂ ಆಟೋಫಜಿಯನ್ನು ಕಣ್ಣಿಗೆ ಕಾಣಿಸಿ, ಜೀನ್‌ಗಳನ್ನು ಒಟ್ಟಾಗಿ ಹಿಡಿದು, ಅವುಗಳ ರಸಾಯನವನ್ನೂ ಬಿಡಿಸಿದ ಪೂರ್ತಿ ಸರಣಿ ಓಸುಮಿಯವರ ತಂಡದ್ದು. ಆಯ್ಕೆ ನ್ಯಾಯವೇ ಎಂಬುದು ನನ್ನ ಅಭಿಪ್ರಾಯ. ತ್ಸುಕಾಡ, ಬಾಬಾ, ಯೊಶಿಮೊರಿ, ಮಿಜುಶಿಮ ಇವರ ಹೆಸರುಗಳನ್ನು ಜೊತೆಗೇ ಹೇಳುವುದು ನಮ್ಮ ಕರ್ತವ್ಯ. ಪತ್ನಿ ಮರಿಕೊ ಓಸುಮಿಯವರೂ ಜೀವವಿಜ್ಞಾನಿ, ಹಲವು ಪ್ರಬಂಧಗಳಲ್ಲಿ ಸಹಲೇಖಕಿ.

ನೊಬೆಲ್ ಬಂದ ಮೇಲೆ ಏನು ಮಾಡಿದರು?

2009ರಲ್ಲೇ ಟೋಕಿಯೊ ತಾಂತ್ರಿಕ ಸಂಸ್ಥೆ ಸೇರಿದ್ದರು, ಅಲ್ಲೇ ಯೀಸ್ಟಿನ ಕೆಲಸ ಮುಂದುವರಿಸಿದರು. 2017ರಲ್ಲಿ ತಮ್ಮ ಹೆಸರಿನ ಪ್ರತಿಷ್ಠಾನವೊಂದನ್ನು ಕಟ್ಟಿ, ತಕ್ಷಣದ ಲಾಭ ಕಾಣದ ಮೂಲವಿಜ್ಞಾನದ ಸಂಶೋಧನೆಗೆ ಹಣ ಸಿಗುವಂತೆ ಮಾಡಿದರು. ರಸದಾನಿಯ ಅಧ್ಯಯನದಿಂದ ಏನು ಪ್ರಯೋಜನ ಎಂದು 1980ರ ದಶಕದಲ್ಲಿ ಕೇಳಿದ್ದರೆ ಅವರ ಬಳಿಯೂ ಉತ್ತರ ಇರುತ್ತಿರಲಿಲ್ಲ.

ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ದಾರಿ ಇದೆಯೇ?

ಇದೆ. ಕಷ್ಟವೂ ಇದೆ, ಅದನ್ನು ಮುಚ್ಚಿಡಬಾರದು. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ಮಗುವಿಗೆ ಪ್ಲಸ್ ವನ್‌ನಲ್ಲಿ ವಿಜ್ಞಾನದ ಪುಸ್ತಕ ಒಮ್ಮೆಲೇ ಇಂಗ್ಲಿಷಿನಲ್ಲಿ ಬರುತ್ತದೆ. ಮೊದಲ ಕೆಲವು ತಿಂಗಳು ಅಂಕ ಇಳಿದರೆ ಮಗುವಿಗೆ ವಿಜ್ಞಾನ ತಲೆಗೆ ಹತ್ತುವುದಿಲ್ಲ ಎಂದು ತೀರ್ಮಾನಿಸಬೇಡಿ. ವಿಷಯ ಕನ್ನಡದಲ್ಲಿ ಗಟ್ಟಿಯಾಗಿ ತಿಳಿದಿದ್ದರೆ ಪದಗಳು ಹಿಂದಿನಿಂದ ಬರುತ್ತವೆ.

ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ಮತ್ತು ಅಣುಜೀವವಿಜ್ಞಾನ, ಜೀನೋಮ್ ವಿಜ್ಞಾನ ವಿಭಾಗಗಳಿವೆ; ಸ್ನಾತಕೋತ್ತರಕ್ಕೆ ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರಬಹುದು. ಪ್ಲಸ್ ಟು ಮುಗಿಸಿ ತಿರುವನಂತಪುರದ ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಸೇರಬೇಕೆನ್ನುವವರಿಗೆ ದೇಶದ ಎಲ್ಲ ಐಸರ್‌ಗಳಿಗೂ ಸೇರಿ ಒಂದೇ ಪ್ರವೇಶ ಪರೀಕ್ಷೆ ಇದೆ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಯೀಸ್ಟಿನ ಆಟೋಫಜಿಯ ಮೇಲೆಯೇ ಸಂಶೋಧನೆ ನಡೆಯುತ್ತದೆ. ಅಲ್ಲಿ ಪದವಿ ವಿದ್ಯಾರ್ಥಿಗಳಿಗೆ ಬೇಸಿಗೆಯ ಸಂಶೋಧನಾ ಫೆಲೋಶಿಪ್ ಇದೆ. ಅರ್ಜಿ ಹಾಕಿ ಎಂದು ಕಾಲೇಜಿನ ಮಕ್ಕಳಿಗೆ ಹೇಳುತ್ತಲೇ ಇರುತ್ತೇನೆ.

ಶಾಲೆಯ ಸೂಕ್ಷ್ಮದರ್ಶಕದಲ್ಲಿ ನಾವೂ ಇದನ್ನು ನೋಡಬಹುದೇ?

ಯೀಸ್ಟನ್ನು ನೋಡಬಹುದು. ಅಂಗಡಿಯಲ್ಲಿ ಸಿಗುವ ಒಣ ಯೀಸ್ಟಿನ ನಾಲ್ಕು ಕಾಳನ್ನು ಸಕ್ಕರೆ ಬೆರೆಸಿದ ಉಗುರುಬೆಚ್ಚಗಿನ ನೀರಿಗೆ ಹಾಕಿ ಅರ್ಧ ಗಂಟೆ ಬಿಡಿ. ಅದರ ಒಂದು ಹನಿಯನ್ನು ಇನ್ನಷ್ಟು ನೀರಿನಲ್ಲಿ ತೆಳುವಾಗಿಸಿ ಸ್ಲೈಡಿನ ಮೇಲೆ ಹಾಕಿ, ತುಸು ಮೆಥಿಲೀನ್ ಬ್ಲೂ ಸೇರಿಸಿ, ಕವರ್‌ಸ್ಲಿಪ್ ಮುಚ್ಚಿ. ಮೊದಲು ಕಡಿಮೆ ವರ್ಧನೆಯಲ್ಲಿ ಹುಡುಕಿ, ಆಮೇಲೆ 400 ಪಟ್ಟಿಗೆ ಹೋಗಿ. ಸತ್ತವು ನೀಲಿಯಾಗಿ, ಬದುಕಿರುವವು ಬಣ್ಣವಿಲ್ಲದೆ ಕಾಣುತ್ತವೆ. ಕೆಲವಕ್ಕೆ ಪಕ್ಕದಲ್ಲಿ ಮೊಗ್ಗು ಮೂಡಿರುತ್ತದೆ. ಬೆಳಕನ್ನು ಸ್ವಲ್ಪ ಕಡಿಮೆ ಮಾಡಿದರೆ ಬದುಕಿರುವ ಜೀವಕೋಶದೊಳಗೆ ತಿಳಿಯಾದ ಒಂದು ವೃತ್ತ ಕಾಣಬಹುದು, ಅದೇ ರಸದಾನಿ.

ಓಸುಮಿ ಕಂಡ ಗುಂಡುಗಳು ಮಾತ್ರ ಇದರಲ್ಲಿ ಕಾಣುವುದಿಲ್ಲ. ಅಂಗಡಿಯ ಯೀಸ್ಟಿನಲ್ಲಿ ಕರಗಿಸುವ ಕಿಣ್ವಗಳು ಸರಿಯಾಗಿಯೇ ಇರುತ್ತವೆ, ಎಷ್ಟು ಹಸಿವಿಗೆ ಹಾಕಿದರೂ ಗುಂಡುಗಳು ಉಳಿಯುವುದಿಲ್ಲ. ಕಿಣ್ವವಿಲ್ಲದ ತಳಿ ಬೇಕೆಂದರೆ ಯೀಸ್ಟ್ ಸಂಶೋಧನೆ ನಡೆಸುವ ಪ್ರಯೋಗಾಲಯವನ್ನೇ ಕೇಳಬೇಕು. ಅಂಥ ಕಡೆಗೆ ಮಕ್ಕಳನ್ನು ಕರೆದೊಯ್ಯುವ ಅಧ್ಯಾಪಕರು ಮೊದಲೇ ಪತ್ರ ಬರೆದು ಕೇಳಿ, ಕೇವಲ ಕಟ್ಟಡ ನೋಡಿ ಬರಬೇಡಿ. ಹಸಿವಿಗೆ ಹಾಕಿದ ಯೀಸ್ಟಿನ ಒಂದು ಸ್ಲೈಡನ್ನು ತೋರಿಸಲು ಸಾಧ್ಯವೇ ಎಂದು ಪತ್ರದಲ್ಲೇ ವಿಚಾರಿಸಿ.